ಉಪ್ಪುಗಾಳಿಯ ಊರಿಗೆ ಯಾವ ಬ್ರೆಝಾ?

ಮಾರುತಿಯ ಬ್ರೆಝಾ ಕಾರು ತೆಗೆದುಕೊಳ್ಳೋಣ ಎಂದು ಮನೆಯಲ್ಲಿ ಒಮ್ಮತ ಆಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾವ ಬ್ರೆಝಾ ಎನ್ನುವುದಕ್ಕೇ ಕೆಲವು ತಿಂಗಳು ಹಿಡಿಯಿತು. 2016ರ ಡೀಸೆಲ್ ಕಾರು, 2020ರ ಪೆಟ್ರೋಲ್ ಕಾರು, ಈಗ ಶೋರೂಮಿನಲ್ಲಿ ನಿಂತಿರುವ ಕಾರು, ಎಲ್ಲದಕ್ಕೂ ಹೆಸರು ಅದೇ. ಓಡಿಸಿ ನೋಡಿದರೆ ಮೂರೂ ಬೇರೆ ಬೇರೆ. ಈ ಮೂರನ್ನೂ ನಮ್ಮ ರಸ್ತೆ, ನಮ್ಮ ಮಳೆ, ನಮ್ಮ ಉಪ್ಪುಗಾಳಿಯ ಲೆಕ್ಕದಲ್ಲಿ ತೂಗಿ ನೋಡಿದ ವಿವರ ಎಲ್ಲೂ ಒಂದೇ ಕಡೆ ಸಿಗಲಿಲ್ಲ. ಸಿಗುವ ವಿಡಿಯೊಗಳೆಲ್ಲ ದೆಹಲಿ, ಪುಣೆಯ ರಸ್ತೆಯವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಕಟಪಾಡಿ ಪಕ್ಕದ ಮಟ್ಟುವಿನಲ್ಲಿ. ಗುಳ್ಳ ಬದನೆಯ ಊರು. ಜಗಲಿಯಲ್ಲಿ ಕೂತರೆ ಸಮುದ್ರದ ಸದ್ದು ಕೇಳುತ್ತದೆ, ಕಿಟಕಿಯ ಸರಳಿಗೆ ಎಷ್ಟು ಸಲ ಬಣ್ಣ ಹೊಡೆಸಿದರೂ ತುಕ್ಕು ಬರುತ್ತದೆ. ನಾನು ಉಡುಪಿಯ ಹೈಸ್ಕೂಲೊಂದರಲ್ಲಿ ಗಣಿತ ಟೀಚರ್. ಯಜಮಾನರು ಹಡಗಿನಲ್ಲಿ ಕೆಲಸದವರು, ಊರಿನಲ್ಲಿ ಇರುವುದಕ್ಕಿಂತ ನೀರಿನ ಮೇಲೆ ಇರುವುದೇ ಜಾಸ್ತಿ. ಹಾಗಾಗಿ ಕಾರು ಓಡಿಸುವವಳೂ ನಾನೇ, ಆರಿಸುವವಳೂ ನಾನೇ. ಮಾವನವರಿಗೆ ಮಂಡಿ ನೋವು. ತಗ್ಗಿನ ಸೀಟಿನಿಂದ ಏಳಬೇಕಾದರೆ ಬಾಗಿಲು ಹಿಡಿದು ಒದ್ದಾಡುತ್ತಾರೆ. ಅತ್ತೆಗೆ ಹಿಂದಿನ ಸೀಟಿನಲ್ಲಿ ಗಾಳಿ ಬರಬೇಕು. ನನ್ನ ತವರು ತೀರ್ಥಹಳ್ಳಿ. ಮಣಿಪಾಲ, ಹಿರಿಯಡ್ಕ, ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಲೇಬೇಕು. 14 ಹೇರ್‌ಪಿನ್ ತಿರುವು, ಕಿರಿದಾದ ರಸ್ತೆ, ಮಳೆಗಾಲದಲ್ಲಿ ಮಂಜು. ಕಾರು ಹೇಗೆ ಎಂದು ನನಗೆ ಹೇಳುವುದು ಆ ಘಾಟಿಯೇ.

ನನ್ನ ತೀರ್ಮಾನ ಇಷ್ಟು. 2022ರ ಜೂನ್ ಕೊನೆಯಲ್ಲಿ ಬ್ರೆಝಾದ ಎರಡನೇ ತಲೆಮಾರು ಬಂತು. ಕರಾವಳಿಯಲ್ಲಿ ಮಳೆಗಾಲವೂ ಕಾರು ಓಡಿಸುವವರಿಗೆ ಗೆರೆ ಅಲ್ಲೇ. ಆ ಗೆರೆಯಿಂದ ಈಚೆಯದನ್ನು ಹೊಸದಾದರೂ ಹಳೆಯದಾದರೂ ತೆಗೆದುಕೊಳ್ಳಬಹುದು. ಗೆರೆಯಿಂದ ಆಚೆಯದನ್ನು ತೆಗೆದುಕೊಳ್ಳುವುದಕ್ಕೆ ಬಲವಾದ ಕಾರಣ ಬೇಕು. ಆ ಕಾರಣ ಕೆಲವರಿಗೆ ಖಂಡಿತ ಉಂಟು.

ಮೊದಲು ಆ ಹಳೆಯ ಡೀಸೆಲ್. 2016ರ ಮಾರ್ಚ್‌ನಲ್ಲಿ ವಿಟಾರಾ ಬ್ರೆಝಾ ಎಂಬ ಹೆಸರಲ್ಲಿ ಬಂದಾಗ ಇದ್ದದ್ದು ಡೀಸೆಲ್ ಒಂದೇ. ದೆಹಲಿ ಎಕ್ಸ್ ಶೋರೂಮ್ ಬೆಲೆ 6.99 ಲಕ್ಷದಿಂದ ಶುರು. 1248 ಸಿಸಿ ಎಂಜಿನ್ನು, 90 ಪಿಎಸ್ (ಹಾರ್ಸ್‌ಪವರ್) ಶಕ್ತಿ, 200 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಈ ಎಂಜಿನ್ನಿನ ಮೂಲ ಇಟಲಿಯ ಫಿಯಟ್ ಕಂಪನಿಯ ಮಲ್ಟಿಜೆಟ್. ಸ್ವಿಫ್ಟ್, ಡಿಸೈರ್, ಟಾಟಾ ವಿಸ್ಟಾ, ಫಿಯಟ್ ಪುಂಟೊ, ಲಿನಿಯಾ, ಎಲ್ಲದರಲ್ಲೂ ಇದೇ ಎಂಜಿನ್ನಿನ ಒಂದಲ್ಲ ಒಂದು ರೂಪ ಇತ್ತು. ಅದರಿಂದ ಇವತ್ತಿಗೂ ದೊಡ್ಡ ಪ್ರಯೋಜನ ಏನೆಂದರೆ, ಕುಂದಾಪುರದಿಂದ ತಲಪಾಡಿಯವರೆಗೆ ಯಾವ ಗ್ಯಾರೇಜಿಗೆ ಹೋದರೂ ಇದನ್ನು ಬಿಚ್ಚಿ ಗೊತ್ತಿರುವ ಕೈ ಸಿಗುತ್ತದೆ. ಪಾರ್ಟ್ಸ್ ಕೂಡ ಸಿಗುತ್ತದೆ.

ಬ್ರಹ್ಮಾವರದ ನನ್ನ ಸಹೋದ್ಯೋಗಿಯ ಅಣ್ಣನ ಬಳಿ 2017ರ ಡೀಸೆಲ್ ಕಾರು ಉಂಟು. ಅವರು ದೊಡ್ಡ ಮನಸ್ಸು ಮಾಡಿ ಆಗುಂಬೆಗೆ ಕೊಟ್ಟರು. ಹೆಬ್ರಿವರೆಗೆ ಆ ಕಾರು ಏನು ಚೆಂದ ಓಡಿತು! 200 ಎನ್‌ಎಂ ಪೂರ್ತಿ 1750 ಆರ್‌ಪಿಎಮ್‌ಗೇ, ಅಂದರೆ ಎಂಜಿನ್ ನಿಮಿಷಕ್ಕೆ 1750 ಸುತ್ತು ತಿರುಗುವಾಗಲೇ ಸಿಗುತ್ತದೆ. ಹಿರಿಯಡ್ಕದ ಏರು, ಪೆರ್ಡೂರಿನ ತಿರುವು, ಎದುರಿನ ಬಸ್ಸನ್ನು ಓವರ್‌ಟೇಕ್ ಮಾಡುವುದು, ಎಲ್ಲದಕ್ಕೂ ಮೂರನೇ ಗೇರ್ ಸಾಕು. ಡಿಕ್ಕಿ ತುಂಬ ಸಾಮಾನು, ಒಳಗೆ ಐದು ಜನ ಇದ್ದರೂ ಎಂಜಿನ್ನಿಗೆ ಅದರ ಭಾರ ಗೊತ್ತೇ ಆಗುವುದಿಲ್ಲ.

ಘಾಟಿಯ ತಿರುವಿನಲ್ಲಿ ಮಾತ್ರ ಕಥೆ ಬೇರೆ. ಹೇರ್‌ಪಿನ್‌ನಲ್ಲಿ ವೇಗ ತೀರಾ ಕಮ್ಮಿ ಆಗಿ, ಎಂಜಿನ್ ವೇಗ 1750ರ ಕೆಳಗೆ ಇಳಿದರೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಸುಮ್ಮನಾಗುತ್ತದೆ. ಆಗ ಎರಡನೇ ಗೇರ್‌ನಲ್ಲಿ ಎಷ್ಟು ಒತ್ತಿದರೂ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಎದುರಿನಿಂದ ಮಿನಿ ಬಸ್ ಬರುವಾಗ ಆ ಒಂದು ಕ್ಷಣ ಬಹಳ ಉದ್ದ. ತಿರುವಿಗೆ ಮೊದಲೇ ಒಂದನೇ ಗೇರ್‌ಗೆ ಇಳಿಸಿಬಿಡುವುದು ಇದಕ್ಕೆ ಪರಿಹಾರ. ಡೀಸೆಲ್ ಓಡಿಸಿ ಅಭ್ಯಾಸ ಇರುವವರಿಗೆ ಇದು ಕೈಗೇ ಬಂದಿರುತ್ತದೆ.

ಡೀಸೆಲ್ ತೆಗೆದುಕೊಳ್ಳುವವರು ಕೇಳಬೇಕಾದ ದೊಡ್ಡ ಪ್ರಶ್ನೆ ತಮ್ಮ ಓಡಾಟದ ಬಗ್ಗೆ. ಇದು ಹಳೆಯ ಹೊಗೆ ನಿಯಮದ, ಅಂದರೆ ಬಿಎಸ್ 4 ಕಾಲದ ಎಂಜಿನ್ನು, ಡಿಪಿಎಫ್ ಇಲ್ಲ. ಹೊಸ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಆ ಫಿಲ್ಟರ್ ಕಟ್ಟಿಕೊಂಡು ಆಗುವ ತಲೆಬಿಸಿ ಇದರಲ್ಲಿ ಆಗುವುದಿಲ್ಲ. ಆದರೂ ಡೀಸೆಲ್ ಡೀಸೆಲ್ಲೇ. ದಿನಾ ನಾಲ್ಕು ಕಿಲೋಮೀಟರ್ ಓಡಿ ಎಂಜಿನ್ ಬಿಸಿ ಆಗುವ ಮೊದಲೇ ಆಫ್ ಮಾಡಿದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕೂರುತ್ತದೆ, ಪಿಕಪ್ ಹೋಗುತ್ತದೆ. ಕಂಪನಿಯ ಲೆಕ್ಕದಲ್ಲಿ ಲೀಟರಿಗೆ 24.3 ಕಿಲೋಮೀಟರ್. ಆ ಹತ್ತಿರ ಹೋಗಬೇಕಾದರೂ ಹೈವೇ ಬೇಕು. ಕುಂದಾಪುರದಿಂದ ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ, ತಿಂಗಳಿಗೆ ಎರಡು ಸಲ ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗುವವರಿಗೆ ಇವತ್ತಿಗೂ ಈ ಕಾರಿನಷ್ಟು ಸರಿಯಾದದ್ದು ಇನ್ನೊಂದಿಲ್ಲ. ನನ್ನ ದಿನದ ಓಡಾಟ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ನನಗೆ ಇದು ಹೊಂದುವುದಿಲ್ಲ.

ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಉಂಟು. ಬೆಲ್ಟ್‌ನ ಹಾಗೆ ಇಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದಿಲ್ಲ. ಆದರೆ ಚೈನ್ ಬಾಳುವುದು ಎಂಜಿನ್ ಆಯಿಲ್ ಮೇಲೆ. ಆಯಿಲ್ ಬದಲಿಸುವುದನ್ನು ಮುಂದೂಡಿದ ಕಾರುಗಳಲ್ಲಿ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಚೈನ್ ಗಲಗಲ ಎನ್ನುತ್ತದೆ. ಹಾಗಾಗಿ ಡೀಸೆಲ್ ನೋಡಲು ಹೋಗುವಾಗ ಮುಂಚಿನ ದಿನವೇ ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ.

ಇನ್ನೊಂದು ವಿಷಯ, ಇದು ಜೀವದ ವಿಷಯ. 2018ರಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಈ ಕಾರನ್ನು ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಗೆ 4 ಸ್ಟಾರ್, ಮಕ್ಕಳ ರಕ್ಷಣೆಗೆ 2 ಸ್ಟಾರ್ ಬಂತು. ಆ ಕಾಲಕ್ಕೆ ಒಳ್ಳೆಯ ಅಂಕವೇ. ಆದರೆ ಆಗಿನ ಪರೀಕ್ಷೆ ಮುಂದಿನಿಂದ ಗುದ್ದುವುದಕ್ಕೇ ಹೆಚ್ಚು ತೂಕ ಕೊಡುತ್ತಿತ್ತು. 2022ರಿಂದ ನಿಯಮ ಬಿಗಿಯಾಗಿದೆ. ಹಾಗಾಗಿ ಹಳೆಯ 4 ಸ್ಟಾರನ್ನು ಇವತ್ತಿನ ಸ್ಟಾರ್‌ಗಳ ಪಕ್ಕ ಇಟ್ಟು ನೋಡಬಾರದು. ಅದಕ್ಕಿಂತ ಮುಖ್ಯ, ಎಲ್ಲ ವೇರಿಯಂಟ್‌ಗೂ ಎರಡು ಏರ್‌ಬ್ಯಾಗ್ ಬಂದದ್ದು 2018ರ ಮೇ ತಿಂಗಳ ಬದಲಾವಣೆಯಲ್ಲಿ. ಅದಕ್ಕೂ ಹಿಂದಿನ ಕೆಳಗಿನ ವೇರಿಯಂಟ್ ನೋಡುತ್ತಿದ್ದರೆ ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗ್ ಗುರುತು ಉಂಟಾ ಎಂದು ಮೊದಲು ನೋಡಿ. ಇಲ್ಲದಿದ್ದರೆ ಎಷ್ಟೇ ಕಮ್ಮಿಗೆ ಸಿಕ್ಕಿದರೂ ಬಿಟ್ಟುಬಿಡಿ. ಅದೇ ಮೇ ತಿಂಗಳಲ್ಲಿ ಡೀಸೆಲ್‌ಗೆ ಎಜಿಎಸ್ ಎಂಬ ಆಟೋಮ್ಯಾಟಿಕ್ ಬಂತು. ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗೆ ಇರುವುದು ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಯಂತ್ರ ಕ್ಲಚ್ ತುಳಿಯುತ್ತದೆ ಅಷ್ಟೆ. ಉಡುಪಿಯ ಕಲ್ಸಂಕದ ಟ್ರಾಫಿಕ್‌ನಲ್ಲಿ ಮುಂದೆ ಹಿಂದೆ ತೆವಳಿ ತೆವಳಿ ಕ್ಲಚ್ ಸವೆದಿರುತ್ತದೆ. ಬೆಲೆ ಮಾತಾಡುವಾಗ ಹೊಸ ಕ್ಲಚ್‌ನ ಖರ್ಚು ಕಳೆದು ಮಾತಾಡಿ.

2020ರ ಏಪ್ರಿಲ್‌ಗೆ ಬಿಎಸ್ 6 ಬಂತು, ಆ 1.3 ಡೀಸೆಲ್ ಹೋಯಿತು. ಅದಕ್ಕೆ ಸ್ವಲ್ಪ ಮೊದಲು ಫೆಬ್ರವರಿಯಲ್ಲಿ ಪೆಟ್ರೋಲ್ ಬ್ರೆಝಾ ಬಂದಾಗಿತ್ತು. 1462 ಸಿಸಿ, 105 ಪಿಎಸ್, 138 ಎನ್‌ಎಂ. ಮೈಕಟ್ಟು ಹಳೆಯದೇ, ಮುಂದಿನ ಮುಖ ಮಾತ್ರ ಸ್ವಲ್ಪ ಬೇರೆ. ಇದರ ಬಗ್ಗೆ ನನಗೆ ಹೆಚ್ಚು ಹೇಳಲು ಇಲ್ಲ. ಟರ್ಬೊ ಇಲ್ಲದ ಸರಳ ಎಂಜಿನ್ನು, ಮೆತ್ತಗೆ ಓಡುತ್ತದೆ, ಸದ್ದು ಕಮ್ಮಿ. ಪೂರ್ತಿ ಟಾರ್ಕ್ ಸಿಗುವುದು 4400 ಆರ್‌ಪಿಎಮ್‌ನಲ್ಲಿ, ಹಾಗಾಗಿ ಏರಿನಲ್ಲಿ ಎಂಜಿನ್ ಕೂಗಿಸಲೇಬೇಕು. ಆಟೋಮ್ಯಾಟಿಕ್‌ನಲ್ಲಿ ನಾಲ್ಕೇ ಗೇರ್. ಮಂಗಳೂರಿನಲ್ಲಿ ಒಂದನ್ನು ಲೈಟ್‌ಹೌಸ್ ಹಿಲ್ ಹತ್ತಿಸಿ ನೋಡಿದೆ. ಗೇರ್‌ಗೂ ಗೇರ್‌ಗೂ ನಡುವೆ ಅಂತರ ಜಾಸ್ತಿ, ಒಮ್ಮೆ ಎಂಜಿನ್ ಕೂಗುತ್ತದೆ, ಒಮ್ಮೆ ಸೊರಗುತ್ತದೆ. ಆದರೆ ಇದು ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್, ಹಳೆಯ ಗಟ್ಟಿ ತಂತ್ರ. ಊರಿನೊಳಗೆ ಓಡಿಸುವ ಹಿರಿಯರಿಗೆ, ಹೆಚ್ಚು ಖರ್ಚು ಬೇಡ ಎನ್ನುವವರಿಗೆ ಇದು ಚೆನ್ನಾಗಿಯೇ ಹೊಂದುತ್ತದೆ.

ಈ ಅವಧಿಯ ಕಾರು ಹುಡುಕುವವರು ಟೊಯೊಟಾ ಅರ್ಬನ್ ಕ್ರೂಸರ್ ಕೂಡ ನೋಡಿ. 2020ರ ಸೆಪ್ಟೆಂಬರ್‌ನಿಂದ 2022ರವರೆಗೆ ಬಂದ ಈ ಕಾರು ಒಳಗೆ ಇದೇ ಪೆಟ್ರೋಲ್ ಬ್ರೆಝಾ. ಗ್ರಿಲ್ ಬೇರೆ, ಲಾಂಛನ ಬೇರೆ. ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ಸೀಟು ಎಲ್ಲ ಅದೇ. ಹೊಸದಾಗಿ ಕೊಂಡವರಿಗೆ ಟೊಯೊಟಾ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಕೊಟ್ಟಿತ್ತು, ಆಗ ಮಾರುತಿಯದ್ದು 2 ವರ್ಷ ಅಥವಾ 40,000. ಆ ವಾರಂಟಿ ಬಿಟ್ಟುಹೋಗಬಾರದು ಎಂದು ಹೆಚ್ಚಿನವರು ಶೋರೂಮಿನಲ್ಲೇ ಸರ್ವಿಸ್ ಮಾಡಿಸಿರುತ್ತಾರೆ, ದಾಖಲೆ ಪೂರ್ತಿ ಸಿಗುತ್ತದೆ.

ಪೆಟ್ರೋಲ್ ಕಾರಿನ ವಿಷಯದಲ್ಲಿ ಎಥನಾಲ್ ಬಗ್ಗೆಯೂ ಯೋಚಿಸಬೇಕು. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. 2023ರ ಏಪ್ರಿಲ್‌ನಿಂದ ತಯಾರಾದ ಕಾರುಗಳನ್ನು ಅದಕ್ಕೆ ಹೊಂದುವ ಹಾಗೆ ಮಾಡಿದ್ದಾರೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿ ತೇವವೇ ತುಂಬಿರುತ್ತದೆ. ಮನೆಯವರು ಗಲ್ಫ್‌ನಲ್ಲೋ ಮುಂಬೈಯಲ್ಲೋ ಇದ್ದು, ಕಾರು ತಿಂಗಳುಗಟ್ಟಲೆ ಅರ್ಧ ಖಾಲಿ ಟ್ಯಾಂಕಿನಲ್ಲಿ ನಿಲ್ಲುವ ಮನೆಗಳು ನಮ್ಮ ಕಡೆ ಎಷ್ಟಿಲ್ಲ! ಹಾಗೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಒಳಗೆ ಗಾಳಿಗೆ ಜಾಗ ಇರಬಾರದು.

ಇನ್ನು ಎರಡನೇ ತಲೆಮಾರು. 2022ರ ಜೂನ್ 30ಕ್ಕೆ ಬಂತು, 7.99 ಲಕ್ಷದಿಂದ ಶುರು. ವಿಟಾರಾ ಎಂಬ ಮುಂದಿನ ಹೆಸರು ಬಿಟ್ಟು ಬರೀ ಬ್ರೆಝಾ ಆಯಿತು. ಎಂಜಿನ್ ಗಾತ್ರ ಅದೇ 1462 ಸಿಸಿ, ಆದರೆ ಒಂದೊಂದು ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎರಡೆರಡು. ಶಕ್ತಿ ಹಳೆಯ ಪೆಟ್ರೋಲ್‌ಗಿಂತ ಒಂದು ಕೂದಲು ಕಮ್ಮಿ, 103 ಪಿಎಸ್. ಉದ್ದ 3995 ಮಿಲಿಮೀಟರ್, ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ (ವೀಲ್‌ಬೇಸ್) 2500, ಡಿಕ್ಕಿ 328 ಲೀಟರ್. ಅಲ್ಲಿ ಏನೂ ಬದಲಾಗಿಲ್ಲ. ಹಾಗಾದರೆ ಇಷ್ಟು ಹೊಗಳುವುದು ಯಾಕೆ?

ಒಂದು, ಗೇರ್‌ಬಾಕ್ಸ್. ಆಟೋಮ್ಯಾಟಿಕ್‌ಗೆ ಆರು ಗೇರ್ ಬಂತು, ಸ್ಟೀರಿಂಗ್ ಹಿಂದೆ ಬೆರಳಿನಲ್ಲೇ ಗೇರ್ ಬದಲಿಸುವ ಪ್ಯಾಡಲ್ ಬಂತು. ಆಗುಂಬೆಗೆ ಇದನ್ನು ಒಯ್ದಾಗ ವ್ಯತ್ಯಾಸ ಸ್ಪಷ್ಟವಾಯಿತು. ಹತ್ತುವಾಗ ತಿರುವಿನ ಮುಂಚೆ ಪ್ಯಾಡಲ್‌ನಿಂದ ಎರಡನೇ ಗೇರ್‌ಗೆ ಇಳಿಸಿ ಅಲ್ಲೇ ಇಟ್ಟರೆ, ಡೀಸೆಲ್‌ನ ಹಾಗೆ ಕಾಯುವ ಕ್ಷಣ ಇಲ್ಲ. ಎಂಜಿನ್ ಕೂಗುತ್ತದೆ, ನಿಜ. ಆದರೆ ಒತ್ತಿದಷ್ಟು ಬರುತ್ತದೆ, ಒತ್ತಿದಾಗಲೇ ಬರುತ್ತದೆ. ಇಳಿಯುವಾಗ ಇನ್ನೂ ಉಪಕಾರ. ಎರಡನೇ ಗೇರ್‌ನಲ್ಲಿ ಹಿಡಿದರೆ ಎಂಜಿನ್ನೇ ಕಾರನ್ನು ತಡೆಯುತ್ತದೆ, ಸೋಮೇಶ್ವರ ಮುಟ್ಟುವಾಗ ಬ್ರೇಕ್ ಸುಟ್ಟ ವಾಸನೆ ಬರುವುದಿಲ್ಲ.

ಎರಡು, ಇದೇ ನನ್ನ ಗೆರೆಯ ಕಾರಣ, ಇಎಸ್‌ಪಿ, ಅಂದರೆ ಕಾರು ದಾರಿ ತಪ್ಪಿ ಜಾರದ ಹಾಗೆ ಹಿಡಿಯುವ ವ್ಯವಸ್ಥೆ. ಮೊದಲ ತಲೆಮಾರಿನಲ್ಲಿ ಇದು ಇರಲಿಲ್ಲ. ಎರಡನೇ ತಲೆಮಾರಿಗೆ ಶುರುವಿನಿಂದಲೇ, ಏರಿನಲ್ಲಿ ಕಾರು ಹಿಂದಕ್ಕೆ ಉರುಳದ ಹಾಗೆ ಹಿಡಿಯುವ ಹಿಲ್ ಹೋಲ್ಡ್ ಜೊತೆ ಬಂತು. ಸನ್‌ರೂಫ್, 360 ಡಿಗ್ರಿ ಕ್ಯಾಮೆರಾ, ಗಾಜಿನ ಹತ್ತಿರ ವೇಗ ತೋರಿಸುವ ಡಿಸ್‌ಪ್ಲೇ, ಇವುಗಳ ಬಗ್ಗೆ ಸೇಲ್ಸ್‌ನವರು ಅರ್ಧ ಗಂಟೆ ಮಾತಾಡುತ್ತಾರೆ. ಇಎಸ್‌ಪಿ ಬಗ್ಗೆ ಕೇಳಿದರೆ ಮಾತ್ರ ಒಂದು ವಾಕ್ಯ ಹೇಳುತ್ತಾರೆ. ನಮ್ಮ ಕಡೆಯವರಿಗೆ ಬೇಕಾದದ್ದು ಇದೇ.

ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ನಾಲ್ಕೂ ಚಕ್ರದ ವೇಗ, ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎತ್ತ ತಿರುಗುತ್ತಿದೆ, ಇವನ್ನು ಸೆನ್ಸರ್‌ಗಳು ಎಡೆಬಿಡದೆ ಅಳೆಯುತ್ತವೆ. ನೀವು ತಿರುಗಿಸಿದ ದಿಕ್ಕು ಒಂದು, ಕಾರು ಹೋಗುವ ದಿಕ್ಕು ಇನ್ನೊಂದು ಆದರೆ, ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ಇಳಿಸಿ, ಕಾರನ್ನು ನಿಮ್ಮ ದಾರಿಗೆ ಎಳೆಯುತ್ತದೆ. ಚಾಲಕನ ಕಾಲು ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಲು ಸಾಧ್ಯವೇ ಇಲ್ಲ. ಎಬಿಎಸ್ ಬೇರೆ. ಅದು ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಜುಲೈ ತಿಂಗಳಲ್ಲಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಿವೈಡರ್ ಪಕ್ಕ ಉದ್ದಕ್ಕೆ ನೀರು ನಿಂತಿರುತ್ತದೆ. ಬಲಗಡೆಯ ಎರಡು ಚಕ್ರ ನೀರಿಗೆ ಬಿದ್ದು ಎಡಗಡೆಯದು ಒಣ ಡಾಂಬರಿನಲ್ಲಿ ಇದ್ದರೆ ಕಾರು ಬಲಕ್ಕೆ ಎಳೆಯುತ್ತದೆ. ಗಾಬರಿಯಲ್ಲಿ ಸ್ಟೀರಿಂಗ್ ಎಡಕ್ಕೆ ಎಳೆದು ಬ್ರೇಕ್ ತುಳಿದರೆ ಹಿಂಬದಿ ತಿರುಗಿ ಹೋಗುತ್ತದೆ. ಮೂರೂವರೆ ಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮಗಳನ್ನು ಹಿಂದೆ ಕೂರಿಸಿಕೊಂಡು ಆ ಮಳೆಯಲ್ಲಿ ಓಡಿಸುವ ನನಗೆ ಇದು ಇಲ್ಲದ ಕಾರು ಬೇಡ. ಡೀಸೆಲ್‌ನ ಎಳೆತ ಎಷ್ಟು ಇಷ್ಟ ಆದರೂ ಬೇಡ.

ಏರ್‌ಬ್ಯಾಗ್ ವಿಷಯದಲ್ಲಿ ಹೊಸತು ಮುಂದೆ. ಮೊದಮೊದಲು ಆರು ಏರ್‌ಬ್ಯಾಗ್ ಇದ್ದದ್ದು ಮೇಲಿನ ವೇರಿಯಂಟ್‌ನಲ್ಲಿ ಮಾತ್ರ. 2025ರಲ್ಲಿ ಎಲ್ಲ ವೇರಿಯಂಟ್‌ಗೂ ಕೊಟ್ಟರು. ಹಾಗಾಗಿ ಕೆಳಗಿನ ವೇರಿಯಂಟ್‌ನ ಬಜೆಟ್ ಇರುವವರು ಸೆಕೆಂಡ್ ಹ್ಯಾಂಡ್‌ಗಿಂತ ಹೊಸದನ್ನೇ ಕೊಳ್ಳುವುದು ಒಳ್ಳೆಯದು ಎನ್ನುತ್ತೇನೆ. ಹಿಂದಿನ ಸೀಟಿಗೆ ಎಸಿ ಗಾಳಿ ಬರುವ ಕಿಂಡಿಯೂ ಎರಡನೇ ತಲೆಮಾರಿನಲ್ಲೇ ಬಂದದ್ದು. ಏಪ್ರಿಲ್ ಮಧ್ಯಾಹ್ನ ಕೃಷ್ಣ ಮಠಕ್ಕೆ ಹೋಗಿ ಬಂದ ಅತ್ತೆ, ಬೇರೆ ಏನೂ ನೋಡದೆ ಇದೇ ಇರಲಿ ಎಂದರು.

ಸಿಎನ್‌ಜಿ ಬ್ರೆಝಾ 2023ರ ಮಾರ್ಚ್‌ನಲ್ಲಿ ಬಂತು. ಕಿಲೋಗೆ 25.51 ಕಿಲೋಮೀಟರ್ ಎನ್ನುವುದು ಕಂಪನಿಯ ಲೆಕ್ಕ. ಕೊಚ್ಚಿಯಿಂದ ಮಂಗಳೂರಿಗೆ ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಶುರುವಾದ ಮೇಲೆ ನಮ್ಮ ಕಡೆಯೂ ಸಿಎನ್‌ಜಿ ಸಿಗುತ್ತಿದೆ. ಆದರೆ ಶಕ್ತಿ 88 ಪಿಎಸ್‌ಗೆ ಇಳಿಯುತ್ತದೆ, ಡಿಕ್ಕಿಯ ಹೆಚ್ಚಿನ ಜಾಗ ಸಿಲಿಂಡರಿಗೆ ಹೋಗುತ್ತದೆ. ತವರಿನಿಂದ ಅಕ್ಕಿ, ಅಡಿಕೆ, ಹಲಸಿನಕಾಯಿ ಹೇರಿಕೊಂಡು ಬರುವ ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಈಗ ನಮ್ಮೂರಿನ ನಿಜವಾದ ಪರೀಕ್ಷೆಗೆ ಬರುತ್ತೇನೆ. ಉದ್ಯಾವರದಲ್ಲಿ ನಮ್ಮ ಮನೆಯ ಗಾಡಿಗಳನ್ನೆಲ್ಲ ನೋಡಿಕೊಳ್ಳುವ ಮೆಕ್ಯಾನಿಕ್ ಒಬ್ಬರಿದ್ದಾರೆ. ನಂತೂರಿನ ಬಳಿ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೆ ಅವರನ್ನೇ ಕರೆದುಕೊಂಡು ಹೋದೆ. 2019ರ ಕಾರು, ಪೇಂಟ್ ಕನ್ನಡಿಯ ಹಾಗೆ. ನಾನು ಬಾಗಿಲು ತೆಗೆದು ಸೀಟು ನೋಡುತ್ತಿದ್ದೆ. ಅವರು ಚಾಪೆ ಹಾಸಿ ಆಗಲೇ ಕಾರಿನ ಅಡಿ ಸೇರಿದ್ದರು.

"ಟೀಚರೇ, ಮೇಲೆ ಎಂತ ನೋಡ್ತೀರಿ? ಬಗ್ಗಿ ಇಲ್ಲಿ ನೋಡಿ ಮಾರಾಯ್ರೆ."

ಟಾರ್ಚ್ ಬೆಳಕಿನಲ್ಲಿ ನೋಡಿದೆ. ಮುಂದಿನ ಸಬ್‌ಫ್ರೇಮ್ ಬೆಸುಗೆಗಳಲ್ಲಿ ಪದರ ಪದರವಾಗಿ ತುಕ್ಕು. ಹಿಂದಿನ ಆಕ್ಸಲ್ ಬೀಮ್ ಕೆಂಪಗೆ. ಸೈಲೆನ್ಸರ್ ಪೈಪಿನ ಬೋಲ್ಟ್‌ಗಳಿಗೆ ತಲೆಯೇ ಉಳಿದಿರಲಿಲ್ಲ. ಬ್ರೇಕ್ ಪೈಪ್ ಮೇಲೆ ಗುಳ್ಳೆ ಎದ್ದಿತ್ತು. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಹೊರಗೆ ತೆಗೆದರೆ ಆ ಗುಂಡಿಯಲ್ಲಿ ಉಪ್ಪು ಕೂತ ಬಿಳಿ ಗೆರೆ. ಮೀನಿನ ಪೆಟ್ಟಿಗೆ ಇಟ್ಟು ಓಡಿಸಿದ ಗಾಡಿ ಇದು ಎಂದರು. ಐಸ್ ಕರಗಿದ ಉಪ್ಪುನೀರು ಚಾಪೆ ಕೆಳಗೆ ಇಳಿದು ಅಲ್ಲೇ ನಿಂತಿದೆ. ವಿಚಾರಿಸಿದಾಗ ಮಲ್ಪೆ ಕಡೆಯ ಕಾರು ಎಂದು ಗೊತ್ತಾಯಿತು. ಅದೇ ವಾರ ಕಾರ್ಕಳದಲ್ಲಿ ಅದಕ್ಕಿಂತ ಎರಡು ವರ್ಷ ಹಳೆಯ, ಹೆಚ್ಚು ಓಡಿದ ಕಾರು ನೋಡಿದೆವು. ಸಮುದ್ರದಿಂದ ದೂರ ಶೆಡ್ಡಿನಲ್ಲಿ ನಿಂತ ಆ ಕಾರಿನ ಅಡಿ ಹೊಸದರ ಹಾಗೇ ಕಪ್ಪಗಿತ್ತು.

ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಸವಿ, ಕಿಲೋಮೀಟರ್ ಕೇಳುವ ಮೊದಲು ಕಾರು ರಾತ್ರಿ ಎಲ್ಲಿ ನಿಲ್ಲುತ್ತಿತ್ತು ಎಂದು ಕೇಳಬೇಕು. ಉಪ್ಪುಗಾಳಿಯ ತೇವ ಲೋಹದ ಮೇಲೆ ಕೂತರೆ ವಿದ್ಯುತ್ ಹರಿಯಲು ದಾರಿಯಾಗಿ ತುಕ್ಕು ಬೇಗ ಹಿಡಿಯುತ್ತದೆ. ಮಳೆ ಮೇಲಿನ ಮೈಯನ್ನು ತೊಳೆಯುತ್ತದೆ, ಅಡಿಯನ್ನು ತೊಳೆಯುವುದಿಲ್ಲ. ಅದಕ್ಕೇ ಮೇಲೆ ಹೊಳೆಯುವ ಕಾರಿನ ಅಡಿ ಕೊಳೆತಿರುತ್ತದೆ. ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಇನ್ನೂ ಹುಷಾರಾಗಿ ನೋಡಿ. ತುಕ್ಕಿನ ಮೇಲೆ ಕೋಟಿಂಗ್ ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು ಕೆಲಸ ಮುಂದುವರಿಸುತ್ತದೆ.

ಇನ್ನೆರಡು ತಾರೀಖು ನೆನಪಿಡಿ. 2018ರ ಮೇ 29ರಂದು ಮಂಗಳೂರಿಗೆ ನೆರೆ ಬಂತು. 2020ರ ಸೆಪ್ಟೆಂಬರ್ 20ಕ್ಕೆ ಉಡುಪಿ ಮುಳುಗಿತು, ಕಲ್ಸಂಕ, ಬೈಲಕೆರೆ ಕಡೆ ಮನೆಯೊಳಗೆ ನೀರು ನುಗ್ಗಿತ್ತು. ಅದಕ್ಕೆ ಮೊದಲಿನ ಕಾರು ಕೊಳ್ಳುವುದಾದರೆ ಆ ದಿನಗಳ ನಂತರದ ತಿಂಗಳಲ್ಲಿ ದೊಡ್ಡ ಇನ್ಶೂರೆನ್ಸ್ ಕ್ಲೈಮ್ ಆಗಿದೆಯಾ, ಸರ್ವಿಸ್ ದಾಖಲೆಯಲ್ಲಿ ವೈರಿಂಗ್ ಕೆಲಸ, ಕಾರ್ಪೆಟ್ ಬದಲಿಸಿದ್ದು ಉಂಟಾ ನೋಡಿ. ಸೀಟ್‌ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ನೆರೆಯಲ್ಲಿ ನಿಂತ ಕಾರಾದರೆ ಯಾರೂ ತೊಳೆಯದ ಆ ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇರುತ್ತದೆ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ, ಇವೂ ಗುರುತು. ನೀರಿನಲ್ಲಿ ಸ್ಟಾರ್ಟ್ ಮಾಡಿದ್ದರೆ ಎಂಜಿನ್ ಒಳಗೆ ನೀರು ಹೋಗಿ, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆಯೂ ಉಂಟು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಹಾಗಾಗಿ ರಾಡೇ ಬಗ್ಗುತ್ತದೆ.

ಕಾಸರಗೋಡಿನ ಕೆಎಲ್ 14 ಕಾರುಗಳು ಮಂಗಳೂರಿನಲ್ಲಿ ಸ್ವಲ್ಪ ಕಮ್ಮಿಗೆ ಸಿಗುತ್ತವೆ. ಬ್ರೋಕರ್‌ಗಳು ಅದನ್ನೇ ಮುಂದಿಡುತ್ತಾರೆ. ಆದರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಕಾರಿನ ವಯಸ್ಸಿನ ಲೆಕ್ಕದಲ್ಲಿ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು, ಕೆಎ 19 ಅಥವಾ ಕೆಎ 20 ನಂಬರ್ ಮಾಡಿಸಬೇಕು. ಅದನ್ನು ಕೂಡಿಸಿದರೆ ಕಮ್ಮಿ ಬೆಲೆಯ ಲಾಭ ಉಳಿಯುವುದಿಲ್ಲ. ಯಾವ ಕಾರಾದರೂ ಆರ್‌ಸಿಯಲ್ಲಿ ಸಾಲದ ಹೆಸರು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿತು ಎನ್ನುವ ಫಾರ್ಮ್ 35 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಕ್ಲೈಮ್ ಮಾಡದೆ ಇದ್ದುದಕ್ಕೆ ಇನ್ಶೂರೆನ್ಸ್‌ನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ಹಳೆಯ ಮಾಲೀಕರದ್ದು, ನಿಮಗೆ ಬರುವುದಿಲ್ಲ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಹೊಸದಾ ಹಳೆಯದಾ ಎಂಬ ಪ್ರಶ್ನೆಗೆ ನಾನು ಬೋರ್ಡ್ ಮೇಲೆ ಲೆಕ್ಕ ಮಾಡುವ ಹಾಗೆ ಕೂತು ಲೆಕ್ಕ ಮಾಡಿದೆ. ಕರ್ನಾಟಕದಲ್ಲಿ 5 ಲಕ್ಷ ದಾಟಿ 10 ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ 14 ಶೇಕಡ. 10 ಲಕ್ಷ ದಾಟಿ 20 ಲಕ್ಷದವರೆಗೆ 17 ಶೇಕಡ. ಮೇಲಿನ ವೇರಿಯಂಟ್ ಆಟೋಮ್ಯಾಟಿಕ್ 12 ಲಕ್ಷ ಎಂದು ಇಟ್ಟುಕೊಂಡರೆ ತೆರಿಗೆಯೇ 2,04,000 ರೂಪಾಯಿ, ಸೆಸ್ ಬೇರೆ. ಇದೇ ರಾಜ್ಯದ ಕಾರನ್ನು ಎರಡನೇ ಮಾಲೀಕರಾಗಿ ಕೊಂಡರೆ ಈ ತೆರಿಗೆ ಮತ್ತೆ ಕಟ್ಟಬೇಕಾಗಿಲ್ಲ. ಇನ್ನೊಂದು ಕಡೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ತೆರಿಗೆ 18 ಶೇಕಡಕ್ಕೆ ಇಳಿಯಿತಲ್ಲ, ಬ್ರೆಝಾಕ್ಕೆ ಅದು ಸಿಗಲಿಲ್ಲ. ನಾಲ್ಕು ಮೀಟರಿನ ಒಳಗೆ ಇದ್ದರೆ ಸಾಲದು, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೂ ಇರಬೇಕು. ಇದರದ್ದು 1462. ಹಾಗಾಗಿ 45ರಿಂದ 40 ಶೇಕಡಕ್ಕೆ ಮಾತ್ರ ಇಳಿಯಿತು. 1500 ಸಿಸಿ ಒಳಗಿನ ಡೀಸೆಲ್‌ಗೆ ಆ ರಿಯಾಯಿತಿ ಉಂಟು, ಹಳೆಯ 1248 ಸಿಸಿ ಡೀಸೆಲ್ ಇದ್ದಿದ್ದರೆ ಅದಕ್ಕೆ ಸಿಗುತ್ತಿತ್ತು. ಹೊಸದು ಕೊಳ್ಳುವವರು ನೆಕ್ಸಾನ್, ವೆನ್ಯೂ ಜೊತೆ ಬೆಲೆ ಹೋಲಿಸುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕೊನೆಗೆ ನಾವು ತೆಗೆದುಕೊಂಡದ್ದು 2023ರ ಕೊನೆಯಲ್ಲಿ ತಯಾರಾದ, ಮೇಲಿನ ವೇರಿಯಂಟ್‌ನ ಆಟೋಮ್ಯಾಟಿಕ್. ಕೆಎ 20, ಒಬ್ಬರೇ ಮಾಲೀಕರು. ಮಣಿಪಾಲದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲುತ್ತಿದ್ದ ಕಾರು. ಅವರಿಗೆ ಬೇರೆ ರಾಜ್ಯಕ್ಕೆ ವರ್ಗ ಆಗಿತ್ತು. ಮೆಕ್ಯಾನಿಕ್ ಅಡಿಯಿಂದ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಇದಕ್ಕೆ ಎಂತದೂ ಇಲ್ಲ, ತಗೊಳ್ಳಿ ಟೀಚರೇ" ಎಂದರು. ಟೈರ್ ಮಾತ್ರ ನಾಲ್ಕನ್ನೂ ಬದಲಿಸಿದೆ. ಟೈರಿನ ಮೇಲಿನ ಗೆರೆಗಳು ಇನ್ನೂ ಸವೆದಿರಲಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿತ್ತು. ಗಟ್ಟಿ ರಬ್ಬರ್ ನೀರಿನಲ್ಲಿ ಹಿಡಿಯುವುದಿಲ್ಲ, ಇಎಸ್‌ಪಿ ಇದ್ದರೂ ನೆಲ ಹಿಡಿಯುವುದು ಟೈರೇ ಅಲ್ವಾ.

ಮಾವನವರು ಈಗ ಬಾಗಿಲು ತೆಗೆದು ನೇರ ಕೂರುತ್ತಾರೆ, ನೇರ ಇಳಿಯುತ್ತಾರೆ. ಸೀಟಿನ ಎತ್ತರ ಅವರ ಸೊಂಟಕ್ಕೆ ಸರಿಯಾಗಿದೆ. ಕಾರು ಬೇಸ್‌ಮೆಂಟಿನಿಂದ ಸಮುದ್ರದ ಪಕ್ಕಕ್ಕೆ ಬಂದಿರುವುದರಿಂದ ಅದರ ಅಡಿಯನ್ನು ತಿಂಗಳಿಗೊಮ್ಮೆ ಸಿಹಿನೀರಿನ ಪ್ರೆಶರ್ ವಾಶ್‌ನಲ್ಲಿ ತೊಳೆಸುವುದು ಎಂದು ಗೊತ್ತು ಮಾಡಿಕೊಂಡಿದ್ದೇನೆ. ಆಂಟಿ ರಸ್ಟ್ ಕೋಟಿಂಗ್ ಮೇ ತಿಂಗಳಲ್ಲಿ, ಅಡಿ ಪೂರ್ತಿ ಒಣಗಿದ ಮೇಲೆ. ಸನ್‌ರೂಫ್ ಅಂಚಿನಲ್ಲಿ ನೀರು ಇಳಿಯುವ ತೂತುಗಳು ಇರುತ್ತವೆ. ಅಂಗಳದ ಮಾವಿನ ಮರದ ಎಲೆ, ಹೂವಿನ ಪುಡಿ ಅಲ್ಲಿ ಕಟ್ಟಿಕೊಂಡರೆ ನೀರು ಒಳಗಿನ ಚಾವಣಿಯ ಬಟ್ಟೆಗೆ ಇಳಿಯುತ್ತದೆ. ಮಳೆ ಶುರುವಾಗುವ ಮೊದಲು ಅವನ್ನು ಬಿಡಿಸಬೇಕು. ಕಾರು ನಿಲ್ಲಿಸುವ ಜಾಗವನ್ನೂ ಮನೆಯ ಪಶ್ಚಿಮದ ಬದಿಯಿಂದ ಪೂರ್ವಕ್ಕೆ ಬದಲಿಸಿದ್ದೇವೆ, ಸಮುದ್ರದ ಗಾಳಿಗೆ ಈಗ ಮನೆ ಅಡ್ಡ ಇದೆ.